ಎಡಗೈಗೆ ತಡವಾಗಿ ಬರುವ ಸದ್ದು

ಆ ಫಾರ್ಮಿನಲ್ಲಿ ನಾನು ಮೊದಲು ತುಂಬಬೇಕಾಗಿದ್ದದ್ದು ಒಂದು ಸಣ್ಣ ಚೌಕ. ಪ್ರಶ್ನೆ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳುವುದಾದರೆ ಹೀಗೆ: ಈ ಅರ್ಜಿಯಲ್ಲಿ ಬರುವ ಯಾರೊಂದಿಗಾದರೂ ನಿಮಗೆ ಸಂಬಂಧ ಇದೆಯೆ? ಇದ್ದರೆ ವಿವರಿಸಿ. ನಾನು ‘ಇಲ್ಲ’ ಎಂಬಲ್ಲಿ ಗುರುತು ಹಾಕಿದೆ. ಮಧ್ಯಾಹ್ನ ಮೂರರ ಸುಮಾರು. ಸೇಡಂನ ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳೆಲ್ಲ ಹೋದ ಮೇಲೆ ಕಿಟಕಿ ಪಕ್ಕದ ಕಂಪ್ಯೂಟರಿನ ಮುಂದೆ ಕುಳಿತಿದ್ದೆ. ಫ್ಯಾನು ತಿರುಗುತ್ತಿತ್ತು. ಕಿಟಕಿಯ ಕಟ್ಟೆ ಮೇಲೆ ಎಂದಿನಂತೆ ಸಿಮೆಂಟಿನ ಧೂಳು ಕೂತಿತ್ತು. ಯಾರೂ ನನ್ನನ್ನು ಅವಸರ ಮಾಡಿರಲಿಲ್ಲ. ಇದನ್ನು ಮೊದಲೇ ಬರೆದಿಡುತ್ತಿದ್ದೇನೆ, ಯಾಕೆಂದರೆ ಆಮೇಲೆ ನನಗೆ ನಾನೇ ಹೇಳಿಕೊಂಡ ಸಬೂಬುಗಳಲ್ಲಿ ಅವಸರವೂ ಒಂದಾಗಿತ್ತು.

ಅದು ಸರ್ಕಾರದ ಹಣದಿಂದ ನಡೆಯುವ ಒಂದು ಮುಕ್ತ ಸ್ಪರ್ಧೆ. ವಿಜ್ಞಾನದಲ್ಲಿ ಇನ್ನೂ ಯಾರೂ ಕಾಲಿಡದ ಪ್ರಶ್ನೆಗಳನ್ನು ಹುಡುಕುವವರಿಗೆ ನೆರವು ಕೊಡುತ್ತಾರೆ. ದೊಡ್ಡ ಸಂಸ್ಥೆಯವರೇ ಆಗಿರಬೇಕೆಂದಿಲ್ಲ, ಹುದ್ದೆ ಕಾಯಂ ಇರಬೇಕೆಂದಿಲ್ಲ, ವಯಸ್ಸಿನ ಕಟ್ಟಳೆ ಇಲ್ಲ. ಅರ್ಜಿಯ ಮೇಲೆ ಹೆಸರಿರುವುದಿಲ್ಲ, ಊರಿರುವುದಿಲ್ಲ. ಅದನ್ನು ಓದಿ ಅಂಕ ಹಾಕುವ ಮೂವರು ವಿಮರ್ಶಕರ ಹೆಸರೂ ಅರ್ಜಿದಾರರಿಗೆ ತಿಳಿಯುವುದಿಲ್ಲ. ಆ ವರ್ಷ ಸಣ್ಣ ಊರಿನ ಕಾಲೇಜುಗಳಿಂದಲೂ ವಿಮರ್ಶಕರನ್ನು ತೆಗೆದುಕೊಳ್ಳಬೇಕೆಂದು ತೀರ್ಮಾನಿಸಿದ್ದರು. ದ್ರವಗಳಲ್ಲಿ ಶಬ್ದದ ಅಲೆಗಳು ಹೇಗೆ ಸಾಗುತ್ತವೆ ಎಂಬುದರ ಮೇಲೆ ಹಿಂದೆ ಪಿಎಚ್.ಡಿ. ಮಾಡಿದ್ದ ನನಗೂ ದಿಲ್ಲಿಯಿಂದ ಪತ್ರ ಬಂತು. ಅದರ ಒಂದು ಪ್ರತಿ ತೆಗೆಸಿ ಪ್ರಿನ್ಸಿಪಾಲರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿ, “ಏನ್ರಿ, ಇಷ್ಟ್ ದಿನ ದಿಲ್ಲಿಯವರು ನಮಗ ಮಾರ್ಕ್ಸ್ ಹಾಕ್ತಿದ್ರು. ಈಗ ನೀವು ಅವರಿಗೆ ಹಾಕೋರು ಆದ್ರಿ. ಕೈ ಸಡ್ಲ ಬಿಡಬ್ಯಾಡ್ರಿ ಮತ್ತ” ಎಂದು ನಕ್ಕರು. ನಾನೂ ನಕ್ಕೆ. ಆ ಮಾತು ನನ್ನಲ್ಲಿ ಕೂತುಬಿಟ್ಟಿತ್ತು.

ನನಗೆ ಬಂದ ಅರ್ಜಿಗಳು ಐದು. ನಾಲ್ಕನೆಯದು ಕಲ್ಲಿನ ಬಗ್ಗೆ.

ಶಹಾಬಾದ್ ಕಡೆಯ ಸುಣ್ಣದ ಕಲ್ಲು ಪದರ ಪದರವಾಗಿ ಇರುತ್ತದೆ. ನಮ್ಮ ಮನೆಗಳ ನೆಲಕ್ಕೆ ಹಾಸುವ ಫರ್ಸಿ ಅದೇ. ಖಣಿಯಲ್ಲಿ ಅದನ್ನು ಉಳಿ ಹೊಡೆದು ಪದರ ಬಿಡಿಸುತ್ತಾರೆ. ಕೆಲವು ಕಲ್ಲುಗಳ ಒಳಗೆ ಕಣ್ಣಿಗೆ ಕಾಣದ ಬಿರುಕು ಇರುತ್ತದೆ, ಉಳಿ ತಾಗಿದ ಕೂಡಲೇ ಅವು ಅಡ್ಡ ಒಡೆದುಹೋಗುತ್ತವೆ. ಆದ್ದರಿಂದ ಹೊಡೆಯುವ ಮೊದಲು ಒಬ್ಬ ಅನುಭವಸ್ಥ ಸುತ್ತಿಗೆಯಿಂದ ತಟ್ಟಿ ಕೇಳುತ್ತಾನೆ. ಅರ್ಜಿ ಬರೆದವರು ಇದನ್ನೆಲ್ಲ ಸ್ಪಷ್ಟವಾಗಿ, ಆದರೆ ಸ್ವಲ್ಪ ಎಡವುವ ಇಂಗ್ಲಿಷಿನಲ್ಲಿ ವಿವರಿಸಿದ್ದರು. ಒಳ್ಳೆಯ ಕಲ್ಲು ಟಣ್ ಎನ್ನುತ್ತದೆ, ಕೆಟ್ಟದ್ದು ಬದ್ ಎನ್ನುತ್ತದೆ, ಇದು ಎಲ್ಲರಿಗೂ ಗೊತ್ತು. ಆದರೆ ಮೂರನೆಯದೊಂದು ಬಗೆ ಇದೆ. ಕಿವಿಗೆ ಟಣ್ ಎಂದೇ ಕೇಳಿಸುತ್ತದೆ, ಕಲ್ಲಿನ ಮೇಲೆ ಇಟ್ಟ ಎಡ ಅಂಗೈಗೆ ಮಾತ್ರ ಸದ್ದು ಒಂದು ಎಳೆ ತಡವಾಗಿ ಬರುತ್ತದೆ. ಅಂಥ ಕಲ್ಲಿನ ಒಳಗೆ ಕೂದಲಿಗಿಂತ ತೆಳ್ಳನೆಯ ಜೇಡಿಮಣ್ಣಿನ ಪೊರೆ ಇರುತ್ತದೆ ಎಂದು ಖಣಿಯ ಒಬ್ಬ ಕಾರ್ಮಿಕ ಹೇಳುತ್ತಾನೆ. ಒಡೆದು ನೋಡಿದರೆ ಹಾಗೆಯೇ ಇರುತ್ತದೆ. ಅಷ್ಟು ತೆಳು ಪೊರೆ ಸದ್ದನ್ನು ಅಷ್ಟು ತಡೆಯಬಾರದು, ಈಗಿರುವ ಯಾವ ಲೆಕ್ಕದಲ್ಲೂ ಅದು ಕೂಡುವುದಿಲ್ಲ. ಹಾಗಾದರೆ ಅಂಗೈ ಗುರುತಿಸುತ್ತಿರುವುದು ಏನನ್ನು? ಅವರ ಪ್ರಶ್ನೆ ಇದು.

ಎರಡನೇ ಪುಟದಲ್ಲಿ ಆ ಕಾರ್ಮಿಕನ ಬಗ್ಗೆ ನಾಲ್ಕು ಸಾಲು ಇದ್ದವು. ಕಲ್ಲಿಗೆ ಬಿಸಿಲು ತಾಗುವ ಮುಂಚೆಯೇ ತಟ್ಟುತ್ತಾನೆ. ಮೂರು ಸಲ ತಟ್ಟುತ್ತಾನೆ. ತಟ್ಟುವಾಗ ಕಣ್ಣು ಮುಚ್ಚುವುದಿಲ್ಲ, ಆಕಾಶ ನೋಡುತ್ತಾನೆ. ಕಲ್ಲು ಕೆಟ್ಟದ್ದು ಎಂದಾದರೆ ಕಾಗೆಯ ಕಾಲಿನಂಥ ಮೂರು ಗೆರೆಗಳ ಗುರುತು ಹಾಕುತ್ತಾನೆ.

ಅದು ನನ್ನ ಅಣ್ಣ.

ಆ ಗುರುತು ಮೊದಲು ನಮ್ಮ ಅಪ್ಪನದಾಗಿತ್ತು. ಆ ಖಣಿಯಲ್ಲಿ ಒಂದು ರೂಢಿ ಇದೆ. ಕಲ್ಲನ್ನು ಕೆಟ್ಟದ್ದು ಎಂದು ಹೇಳಿದವನು ಅದರ ಮೇಲೆ ತನ್ನ ಗುರುತು ಹಾಕಲೇಬೇಕು. ಆಮೇಲೆ ಎಲ್ಲರೆದುರು ಅದನ್ನು ಒಡೆಯುತ್ತಾರೆ. ಕಲ್ಲು ಒಳ್ಳೆಯದೇ ಆಗಿದ್ದರೆ, ಯಾರು ತಪ್ಪು ಹೇಳಿದರೆಂದು ಕೇಳಬೇಕಾಗಿಲ್ಲ, ಗುರುತು ಅಲ್ಲೇ ಇರುತ್ತದೆ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಆ ಗುರುತನ್ನು ತೆಗೆದುಕೊಂಡ. ಅಂಗೈಯ ವಿಷಯ ಸುಳ್ಳಲ್ಲ ಎಂಬುದು ನನಗೆ ಓದಿ ತಿಳಿಯಬೇಕಾಗಿರಲಿಲ್ಲ. ಚಿಕ್ಕವನಿದ್ದಾಗ ಅಪ್ಪ ನನ್ನ ಕೈ ಹಿಡಿದು ಎರಡು ಕಲ್ಲುಗಳ ಮೇಲೆ ಒಂದಾದಮೇಲೊಂದು ಇಡಿಸಿದ್ದ. ಎರಡನೆಯದರಲ್ಲಿ ಸದ್ದು ತಡವಾಗಿ ಬಂದದ್ದು ನನ್ನ ಅಂಗೈಗೇ ಗೊತ್ತಾಗಿತ್ತು.

ಸಂಬಂಧ ಇದ್ದರೆ ವಿವರಿಸಿ ಎಂದಿತ್ತು. ನಾನು ಬರೆಯಬೇಕಾಗಿದ್ದದ್ದು ಇಷ್ಟೇ: ಈ ಅರ್ಜಿಯಲ್ಲಿ ಬರುವ ಕಾರ್ಮಿಕ ನನ್ನ ಅಣ್ಣ, ಈ ಅರ್ಜಿಯನ್ನು ಬೇರೆಯವರಿಗೆ ಕಳಿಸಿ. ಅದನ್ನು ಬರೆಯಲು ನನ್ನ ಕೈ ಬರಲಿಲ್ಲ. ಕಾಲೇಜಿನಲ್ಲಿ ಅಣ್ಣನ ಬಗ್ಗೆ ಯಾರಾದರೂ ಕೇಳಿದರೆ ‘ಕಲ್ಲಿನ ಲೈನಿನ್ಯಾಗ ಹಾನ’ ಎನ್ನುತ್ತಿದ್ದೆ. ಪಾಲಿಶ್ ಮಷಿನ್ ಇಟ್ಟಿದ್ದಾನೆಂದು ಅವರು ತಿಳಿದುಕೊಳ್ಳುತ್ತಿದ್ದರು, ನಾನು ತಿದ್ದುತ್ತಿರಲಿಲ್ಲ. ಇಪ್ಪತ್ತು ವರ್ಷ ತಿದ್ದಿರಲಿಲ್ಲ. ಈಗ ಮೊದಲ ಸಲ ದಿಲ್ಲಿಯವರು ನನ್ನನ್ನು ಸಮಾನನೆಂದು ಕರೆದಿರುವಾಗ, ಅವರ ಕಡತದಲ್ಲಿ ನನ್ನ ಬಗ್ಗೆ ಬರುವ ಮೊದಲ ಸಂಗತಿ ಇದಾಗುವುದು ನನಗೆ ಬೇಡವಾಗಿತ್ತು.

‘ಇಲ್ಲ’ ಎಂದ ಮೇಲೆ ಇನ್ನೊಂದು ಭಯ ಶುರುವಾಯಿತು. ಮುಂದೆಂದಾದರೂ ಗೊತ್ತಾದರೆ ಸ್ವಂತ ಊರಿನವರಿಗೆ ಅಂಕ ಬಿಟ್ಟುಕೊಟ್ಟ ಎನ್ನಬಾರದು. ಅದಕ್ಕೆ ಅಂಕ ಕಡಿಮೆ ಹಾಕಿದೆ. ಸ್ವಲ್ಪವಲ್ಲ, ಐದು ಅರ್ಜಿಗಳಲ್ಲೇ ಅತಿ ಕಡಿಮೆ. ಕಾರಣದ ಜಾಗದಲ್ಲಿ ಬರೆದೆ: ‘ಅಂಗೈಗೆ ಸದ್ದು ತಡವಾಗಿ ತಲುಪುತ್ತದೆ ಎಂಬುದಕ್ಕೆ ಯಾವ ಪುರಾವೆಯೂ ಇಲ್ಲ. ಇದು ಒಬ್ಬ ಕೂಲಿಕಾರನ ನಂಬಿಕೆ. ಹೊಸ ವಿಜ್ಞಾನದ ಪ್ರಶ್ನೆ ಎನ್ನಲಾಗದು.’ ಕಳಿಸುವ ಗುಂಡಿ ಒತ್ತುವ ಮುನ್ನ ಎರಡು ಸಲ ಓದಿದೆ. ಇಂಗ್ಲಿಷು ಚೆನ್ನಾಗಿದೆ ಅನ್ನಿಸಿತು.

ಆರು ತಿಂಗಳ ನಂತರ ಒಬ್ಬ ಹೆಣ್ಣುಮಗಳು ನನ್ನನ್ನು ಹುಡುಕಿಕೊಂಡು ಕಾಲೇಜಿಗೆ ಬಂದಳು. ಮೂವತ್ತು ದಾಟಿರಬಹುದು. ಚಿಂಚೋಳಿ ತಾಲ್ಲೂಕಿನ ಕೊಡ್ಲಿಯವಳು, ಚಿತ್ತಾಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಬಸ್ಸಿನಲ್ಲಿ ನಿಂತೇ ಬಂದಿರಬೇಕು, ದುಪಟ್ಟಾದ ಅಂಚಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

“ಕುಂದ್ರಿ ಮೇಡಂ” ಎಂದೆ.

“ನಿಮ್ಮ ಅಣ್ಣಾರು ಕಳಿಸ್ಯಾರ್ರಿ ಸರ್. ‘ನನ್ನ ತಮ್ಮ ಸೇಡಂ ಕಾಲೇಜಿನ್ಯಾಗ ಹಾನ, ಸಪ್ಪಳದ ಮ್ಯಾಲೇ ಡಾಕ್ಟರ್ ಆಗ್ಯಾನ, ಅವನ ಕಡಿ ಹೋಗ್ರಿ’ ಅಂದ್ರು. ನಾ ಎರಡ್ ವರ್ಷ ಅವರ ಖಣಿಗಿ ಓಡ್ಯಾಡೀನಿ. ಒಂದ್ ದಿನಾನೂ ನಿಮ್ಮ ಸುದ್ದಿ ತಗದಿಲ್ಲ ನೋಡ್ರಿ ಅವರು. ಅರ್ಜಿ ಬಿದ್ದುಹೋತು ಅಂದ ಮ್ಯಾಲೇ ಹೇಳಿದ್ರು.”

ಅಣ್ಣ ಯಾಕೆ ಹೇಳಿರಲಿಲ್ಲ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು. ಒಮ್ಮೆ ಅವನು ಖಣಿಯ ಬಟ್ಟೆಯಲ್ಲೇ ನಮ್ಮ ಕಾಲೇಜಿನ ಗೇಟಿಗೆ ಬಂದಿದ್ದ. ನಾನು ಅವನನ್ನು ಒಳಗೆ ಕರೆಯದೆ ರಸ್ತೆಯಾಚೆಯ ಹೋಟೆಲಿನಲ್ಲಿ ಕೂರಿಸಿ ಚಹ ಕುಡಿಸಿ ಕಳಿಸಿದ್ದೆ. ಆಮೇಲೆ ಅವನು ಬರಲಿಲ್ಲ.

ಅವಳು ಚೀಲದಿಂದ ಕಾಗದ ತೆಗೆದು ಮೇಜಿನ ಮೇಲೆ ಇಟ್ಟಳು. ಮೂವರು ವಿಮರ್ಶಕರ ಅಭಿಪ್ರಾಯಗಳು ಅದರಲ್ಲಿದ್ದವು. ಮೊದಲನೆಯವರು ಹೊಗಳಿದ್ದರು, ಮೂರನೆಯವರೂ ಹೊಗಳಿದ್ದರು. ಎರಡನೆಯದರ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿತ್ತು.

“ಇದೊಂದು ಓದ್ರಿ ಸರ್. ಇವರ ಮಾರ್ಕ್ಸಿನಿಂದಾನೇ ಬಿತ್ತು. ಯಾರೋ ಭಾಳ ದೊಡ್ಡ ಪಟ್ಟಣದವರು ಕಾಣ್ತದ. ಹುಟ್ಟಿದಾಗಿಂದ ಕಲ್ಲು ಮುಟ್ಟಿಲ್ಲ.”

ನನ್ನ ವಾಕ್ಯಗಳನ್ನು ನಾನು ಅವಳೆದುರು ಓದಿದೆ. ಮೊದಲ ಸಲ ನೋಡುತ್ತಿರುವವನಂತೆ ನಿಧಾನವಾಗಿ ಓದಿದೆ. ಇದೂ ಒಂದು ಸುಳ್ಳು, ಬಾಯಿ ತೆರೆಯದೆ ಹೇಳಿದ್ದು. ವಿಮರ್ಶಕರು ತಮ್ಮ ಗುರುತು ಹೇಳಬಾರದೆಂಬ ನಿಯಮ ಇತ್ತು. ಆ ನಿಯಮ ನೆನಪಾದಾಗ ನನಗೆ ಸಮಾಧಾನವಾಯಿತು.

“ಇನ್ನೊಂದು ಸಲ ಹಾಕಬಹುದಲ್ಲ?” ಎಂದೆ.

“ಇನ್ನ ಒಂದೇ ಸಲ ಸರ್. ಒಂದು ವಿಚಾರ ಎರಡೇ ಸಲ ಹಾಕಲಿಕ್ಕ ಬಿಡ್ತಾರ. ಒಂದು ಹೋತು. ಬ್ಯಾರೆ ಕಡಿ ಕೇಳಬೇಕಂದ್ರ ಎಲ್ಲಾರೂ ಮೊದಲ ಕಾಯಂ ನೌಕರಿ ಅದೇನು ಅಂತಾರ. ಇವರು ಒಬ್ರೇ ಕೇಳಲಿಲ್ಲ. ಈ ಸಲಾನೂ ಬಿತ್ತಂದ್ರ ಸಿಮೆಂಟ್ ಫ್ಯಾಕ್ಟರಿ ಲ್ಯಾಬಿಗಿ ಸೇರ್ತೀನಿ. ಪುಡಿ ಸೋಸಲಿಕ್ಕ.” ಹೇಳಿ ನಕ್ಕಳು. ನಗು ಬೇಗ ನಿಂತಿತು.

ನಾನು ಸಹಾಯ ಮಾಡಿದೆ. ಇದನ್ನು ಬರೆಯುವುದು ನನಗೆ ಚೌಕದ ವಿಷಯ ಬರೆಯುವುದಕ್ಕಿಂತ ಕಷ್ಟ. ನಾಲ್ಕು ವಾರ, ಪ್ರತಿ ಶುಕ್ರವಾರ, ನಾನು ಹಾಕಿದ ಆಕ್ಷೇಪಣೆಗೆ ಉತ್ತರ ಹೇಗೆ ಕೊಡಬೇಕೆಂದು ನಾನೇ ಅವಳಿಗೆ ಕಲಿಸಿದೆ. ಇಲ್ಲಿ ಅಳತೆ ಕೊಡಿ, ಅಲ್ಲಿ ‘ಕೂಲಿಕಾರ’ ಎನ್ನಬೇಡಿ ‘ಪರಿಣತ’ ಎನ್ನಿ, ಎಂದೆ. ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಮೂರನೇ ವಾರ ಕೊಡ್ಲಿಯಿಂದ ಒಂದು ಚೀಲ ಹಸಿ ತೊಗರಿಕಾಯಿ ತಂದಳು. “ನಮ್ಮ ಹೊಲದವು. ಉಪ್ಪು ಹಾಕಿ ಕುದಸ್ರಿ” ಎಂದಳು. ಮನೆಯಲ್ಲಿ ಕುದಿಸಿದರು. ನಾನು ಒಂದು ಕಾಯಿ ಸುಲಿದು ಬಾಯಿಗೆ ಹಾಕಿಕೊಂಡೆ. ಎರಡನೆಯದಕ್ಕೆ ಕೈ ಹೋಗಲಿಲ್ಲ.

ನಾಲ್ಕನೇ ಶುಕ್ರವಾರ ಅವಳು ಫಾರ್ಮನ್ನು ಮುಂದಿಟ್ಟಳು.

“ಸರ್, ನಿಮ್ಮ ಹೆಸರೂ ಹಾಕೂಣು. ಜೊತೆಗಾರರು ಅಂತ. ಹೆಸರು ವಿಮರ್ಶಕರಿಗೆ ಕಾಣಲ್ಲ, ಓದು ಮಾತ್ರ ಕಾಣ್ತದ. ಶಬ್ದದಾಗ ಪಿಎಚ್.ಡಿ. ಆದವರು ನನ್ನ ಜೋಡಿ ಇದ್ದಾರ ಅಂದ್ರ, ಆ ಎರಡನೇ ವಿಮರ್ಶಕನಂಥವನೂ ನಂಬ್ತಾನ.”

ಹೊರಗೆ ಕಾರಿಡಾರಿನಲ್ಲಿ ಯಾರೋ ಬಕೆಟ್ ಎಳೆದುಕೊಂಡು ಹೋಗುತ್ತಿದ್ದರು. ಆ ಸದ್ದು ಮುಗಿಯುವವರೆಗೆ ಕಾದೆ.

“ಆ ಎರಡನೆಯವನು ನಾನೇ” ಎಂದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ನಾನು ಇನ್ನೊಮ್ಮೆ ಹೇಳಿದೆ. ಚೌಕದ ವಿಷಯವನ್ನೂ ಹೇಳಿದೆ. ಅವಳು ನನ್ನ ಮುಖ ನೋಡಲಿಲ್ಲ, ಮೇಜಿನ ಮೇಲಿನ ಪೆನ್ಸಿಲ್ ಗೆರೆಯನ್ನು ನೋಡುತ್ತಿದ್ದಳು.

“ಅಂಗೈಗಿ ತಡ ಬರ್ತದ ಅಂಬೋದು ಖರೆ ಅಂತ ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

“ಬರೀವಾಗ?”

“ಬರೆಯುವಾಗಲೂ.”

ಅವಳು ಕಾಗದಗಳನ್ನು ಒಂದೊಂದಾಗಿ ಜೋಡಿಸಿ ಚೀಲಕ್ಕೆ ಹಾಕಿದಳು. ಕ್ಷಮೆ ಕೇಳಲು ಬಾಯಿ ತೆರೆದೆ. “ಬ್ಯಾಡ್ರಿ” ಎಂದಳು, ಸಿಟ್ಟಿಲ್ಲದೆ. ಬಾಗಿಲವರೆಗೆ ಹೋಗಿ ನಿಂತಳು.

“ಅಣ್ಣಾರಿಗಿ ಹೇಳೀರೇನು?”

“ಇಲ್ಲ.”

“ಹೇಳ್ರಿ. ರವಿವಾರ ಮುಂಜಾನಿ ಖಣಿಗಿ ಬರ್ರಿ. ಖಣಿ ಹೊರಗಿನವರೂ ಬಡಿದು ನೋಡಬೇಕಾಗ್ಯದ. ಇದು ಯಾರಿಗಾದ್ರೂ ಬರೋ ವಿದ್ಯಾನೋ ಏನು ಅಂತ ತೋರಸಬೇಕು. ಶಬ್ದ ಕಲಿತವರು ಒಬ್ರೂ ಸಿಕ್ಕಿಲ್ಲ ನನಗ. ನೀವು ಬರ್ರಿ.” ಹೊಸ್ತಿಲು ದಾಟುತ್ತ, “ಬಡೀಲಿಕ್ಕ. ಹೆಸರು ಹಾಕಲಿಕ್ಕ ಅಲ್ಲ” ಎಂದಳು.

ಅದೇ ದಿನ ಸ್ಪರ್ಧೆ ನಡೆಸುವ ಕಚೇರಿಗೂ ಬರೆದೆ. ನನ್ನ ಉತ್ತರ ಸುಳ್ಳಾಗಿತ್ತು, ಆ ಅಂಕಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಕೇಳಿದೆ. ಒಂದು ವಾರದ ಮೇಲೆ ಉತ್ತರ ಬಂತು. ನನ್ನನ್ನು ವಿಮರ್ಶಕರ ಪಟ್ಟಿಯಿಂದ ಕೈಬಿಡಲಾಗಿದೆ, ಮುಗಿದ ಸುತ್ತಿನ ಫಲಿತಾಂಶವನ್ನು ಬದಲಿಸಲು ಅವಕಾಶವಿಲ್ಲ. ಅಂದರೆ ನನ್ನ ಪಾಲಿನದು ಸರಿಯಾಯಿತು, ಅವಳ ಪಾಲಿನದು ಆಗಲಿಲ್ಲ.

ಆ ಶುಕ್ರವಾರದ ಮರುದಿನವೇ, ಶನಿವಾರ ಮಧ್ಯಾಹ್ನದ ಪ್ಯಾಸೆಂಜರ್ ರೈಲು ಹಿಡಿದು ಚಿತ್ತಾಪುರ ದಾಟಿ ವಾಡಿಗೆ ಹೋದೆ. ಅಲ್ಲಿಂದ ಶಹಾಬಾದ್ ರಸ್ತೆಯಲ್ಲಿ ಟಂಟಂ ಆಟೋ. ಅಣ್ಣ ಅಂಗಳದಲ್ಲಿ ಕೈಕಾಲು ತೊಳೆದುಕೊಳ್ಳುತ್ತಿದ್ದ. “ಬಾ ತಮ್ಮಾ. ಏನ್ ಮಾಸ್ತರ್ರು, ಹಬ್ಬ ಇಲ್ಲ ಹುಣ್ಣಿವಿ ಇಲ್ಲ?” ಎಂದ. ಅತ್ತಿಗೆ ಒಳಗಿನಿಂದ, “ರೊಟ್ಟಿ ಬಡೀತೀನಿ, ಓಡಿ ಹೋಗಬ್ಯಾಡ್ರಿ ಮತ್ತ” ಎಂದು ಕೂಗಿದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಕೂತರೆ ಹೇಳಲಾಗುವುದಿಲ್ಲ ಎನ್ನಿಸಿತ್ತು.

ಅಣ್ಣ ಕೇಳಿದ. ಟವೆಲಿನಿಂದ ಬೆರಳುಗಳ ಸಂದಿಯನ್ನು ಒಂದೊಂದಾಗಿ ಒರೆಸಿಕೊಂಡ.

“ಆ ಫಾರ್ಮಿನ್ಯಾಗ ಏನ್ ಬರೀಬೇಕಾಗಿತ್ತು?”

“ಈ ಕೆಲಸ ಮಾಡೋರು ನಮ್ಮ ಅಣ್ಣ ಅಂತ.”

“ಇಷ್ಟೇನಾ?”

“ಇಷ್ಟೇ.”

“ಅಷ್ಟು ಬರೀಲಿಕ್ಕ ಎಷ್ಟು ಹೊತ್ತು ಹಿಡೀತಿತ್ತು?”

ಟವೆಲನ್ನು ಹಗ್ಗದ ಮೇಲೆ ಹಾಕಿ ಅವನು ಒಳಗೆ ಹೋದ. ಊಟಕ್ಕೆ ಕೂತಾಗ ಎಂದಿನಂತೆ ಮೊದಲ ಬಿಸಿ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿಸಿದ. ಬೈದಿದ್ದರೆ ಉಣ್ಣುವುದು ಸುಲಭವಾಗುತ್ತಿತ್ತು.

ಬೆಳಗಿನ ಹೊತ್ತು ಖಣಿಯಲ್ಲಿ ಕಲ್ಲು ತಣ್ಣಗಿತ್ತು. ಅವಳು ಮೊದಲೇ ಬಂದು ತಂತಿ, ಸಣ್ಣ ಪೆಟ್ಟಿಗೆ ಎಲ್ಲ ಜೋಡಿಸಿದ್ದಳು. ಸಾಲಾಗಿ ಕಲ್ಲುಗಳನ್ನು ಇಟ್ಟಿದ್ದರು. ಅಣ್ಣ ಎಲ್ಲವನ್ನೂ ಮೊದಲೇ ತಟ್ಟಿ ತನ್ನ ಮಾತನ್ನು ಅವಳಿಗೆ ಗುಟ್ಟಾಗಿ ಬರೆಸಿದ್ದ. ತಟ್ಟುವವನು ಕೂತ ಕೂಡಲೇ ಎಲ್ಲರೂ ಸುಮ್ಮನಾಗಬೇಕೆಂಬುದು ಅಲ್ಲಿಯ ಪದ್ಧತಿ. ಬೀಡಿ ಸೇದುತ್ತಿದ್ದವರೂ ಮಾತು ನಿಲ್ಲಿಸಿದರು. ಎದುರಿನ ಖಣಿಯ ಮಷಿನ್ನನ್ನೂ ನಿಲ್ಲಿಸಿದರು. ನನಗಾಗಿ.

ಮೊದಲ ಎರಡನ್ನು ಸರಿಯಾಗಿ ಹೇಳಿದೆ. ಒಂದು ಟಣ್, ಒಂದು ಬದ್. ಬದ್ ಎಂದದ್ದರ ಮೇಲೆ ಗುರುತು ಹಾಕಬೇಕಾಯಿತು. ಅಣ್ಣ ಸೀಮೆಸುಣ್ಣ ಕೊಟ್ಟು, “ನಿನ್ನ ಗುರುತು ಏನು?” ಎಂದು ಕೇಳಿದ. ನನಗೆ ಗುರುತು ಇರಲಿಲ್ಲ. ಕೈಗೆ ಬಂದದ್ದು ಒಂದು ಚೌಕ, ಅದನ್ನೇ ಬರೆದೆ. “ಮಾಸ್ತರ್ ಡಬ್ಬಿ ಬರದಾರ ನೋಡೋ” ಎಂದು ಹಿಂದಿನಿಂದ ಯಾರೋ ಮೆಲ್ಲಗೆ ಹೇಳಿದರು. ಅಣ್ಣ ನಗಲಿಲ್ಲ, ಅವಳೂ ನಗಲಿಲ್ಲ.

ಮೂರನೆಯದನ್ನು ತಟ್ಟಿದೆ. ಟಣ್ ಎಂದಿತು. ಎಡಗೈ ಇಟ್ಟು ಮತ್ತೆ ತಟ್ಟಿದೆ. ತಡವಾಗಿ ಏನೂ ಬರಲಿಲ್ಲ. ಮೂರನೇ ಸಲ ಅಂಗೈಯನ್ನು ಇನ್ನೂ ಬಿಗಿಯಾಗಿ ಒತ್ತಿದೆ. ಏನೂ ಇಲ್ಲ. ‘ಒಳ್ಳೆಯದು’ ಎಂದೆ. ಪಕ್ಕದವನು ಉಳಿ ಇಟ್ಟು ಹೊಡೆದ. ಕಲ್ಲು ನಡುವೆ ಅಡ್ಡ ಮುರಿದು ಎರಡಾಯಿತು. ಒಳಗೆ ಜೇಡಿಯ ಪೊರೆ ಇತ್ತು, ತೇವವಾಗಿ ಹೊಳೆಯುತ್ತಿತ್ತು.

“ಒತ್ತಬಾರದು” ಅಣ್ಣ ಹೇಳಿದ. “ಒತ್ತಿದ್ರ ನಿನ್ನ ಕೈ ಸಪ್ಪಳಾನೇ ನಿನಗ ಕೇಳಿಸ್ತದ, ಕಲ್ಲಿಂದು ಕೇಳಿಸಂಗಿಲ್ಲ. ಸುಮ್ಮ ಇಡಬೇಕು. ಅಪ್ಪ ಹೇಳಿಕೊಟ್ಟಿದ್ದ ನಿನಗ.”

ಅವಳು ಪಟ್ಟಿಯಲ್ಲಿ ಬರೆದುಕೊಂಡಳು. ಅಂಥ ಕಲ್ಲುಗಳು ಸಾಲಿನಲ್ಲಿ ಇನ್ನೂ ಇದ್ದವು. ಒಂದನ್ನೂ ನಾನು ಗುರುತಿಸಲಿಲ್ಲ. ಅಣ್ಣ ಹೇಳಿದ್ದು ಎಲ್ಲವೂ ಸರಿಯಾಗಿತ್ತು. ಕಲ್ಲು ಒಡೆದಾಗಲೊಮ್ಮೆ ಅವಳ ಮುಖ ಸ್ವಲ್ಪ ಸಡಿಲವಾಗುತ್ತಿತ್ತು, ಅದನ್ನು ನಾನು ನೋಡಿದೆ. ಶಬ್ದ ಓದಿದವನಿಗೂ ಬಾರದ್ದು ಇವರಿಗೆ ಬರುತ್ತದೆ ಎಂದು ತೋರಿಸಲು ಅವಳಿಗೆ ನನ್ನ ತಪ್ಪುಗಳೇ ಬೇಕಾಗಿದ್ದವು. ಎರಡನೇ ವಿಮರ್ಶಕ ಕೇಳಿದ ಪುರಾವೆಯ ಒಂದು ಭಾಗ ಆ ತಪ್ಪುಗಳಾದವು.

ಬಿಸಿಲು ಏರಿದ ಮೇಲೆ ಅವಳು ಒಂದು ಬಂಡೆಯ ನೆರಳಿಗೆ ಕೂತು ಲ್ಯಾಪ್‌ಟಾಪ್ ತೆರೆದಳು. ನನ್ನನ್ನು ಕರೆದಳು.

“ಪಟ್ಟಿಯೊಳಗ ನಿಮ್ಮ ಸಾಲು ಹೀಂಗ ಬರದೀನಿ, ನೋಡ್ರಿ. ‘ಶಬ್ದವಿಜ್ಞಾನ ಕಲಿತ ವ್ಯಕ್ತಿ, ಖಣಿಯ ಹೊರಗಿನವರು.’”

“ಹೊರಗಿನವರು ಅನ್ನೋದು ಸರಿಯಲ್ಲ” ಎಂದೆ.

“ಹೌದು, ಸರಿಯಲ್ಲ. ಅದಕ್ಕ ಕರೆದೆ.” ಅವಳು ಇನ್ನೊಂದು ಪುಟ ತೆರೆದಳು. ಪ್ರಯೋಗದಲ್ಲಿ ಭಾಗವಹಿಸಿದವರ ನಡುವೆ ಸಂಬಂಧ ಇದೆಯೆ, ಇದ್ದರೆ ವಿವರಿಸಿ ಎಂದಿತ್ತು. ಕೆಳಗೆ ಖಾಲಿ ಜಾಗ. “ಇದು ನಾ ಬರಿಯಂಗಿಲ್ಲ. ನೀವೇ ಬರೀರಿ.”

ಅಣ್ಣ ಸ್ವಲ್ಪ ದೂರದಲ್ಲಿ ಕೊಡದಿಂದ ನೀರು ಕುಡಿಯುತ್ತ ನಿಂತಿದ್ದ. ನಾನು ಬರೆದೆ: ‘ಈ ಪ್ರಯೋಗದ ಪರಿಣತ ಕಾರ್ಮಿಕ ನನ್ನ ಅಣ್ಣ. ನಮ್ಮ ಅಪ್ಪನೂ ಇದೇ ಖಣಿಯಲ್ಲಿ ಕಲ್ಲು ತಟ್ಟುತ್ತಿದ್ದ. ಅಂಗೈಯಿಂದ ಕೇಳುವುದನ್ನು ಆತ ನನಗೆ ಒಮ್ಮೆ ತೋರಿಸಿದ್ದ, ನಾನು ಮರೆತಿದ್ದೇನೆ.’

ಪರದೆಯ ಮೂಲೆಯಲ್ಲಿ ಗಡಿಯಾರ ಇತ್ತು. ಶುರು ಮಾಡಿದಾಗ ಎಂಟೂ ನಲವತ್ತು. ಮುಗಿಸಿದಾಗ ಎಂಟೂ ನಲವತ್ತೆರಡು.

ಅರ್ಜಿ ಹೋಗಿದೆ. ಫಲಿತಾಂಶ ಇನ್ನೂ ಬಂದಿಲ್ಲ. ಚಿತ್ತಾಪುರದ ಕಾಲೇಜು ಈ ವರ್ಷ ಅವಳನ್ನು ಮುಂದುವರಿಸಿಲ್ಲ ಎಂದು ಅಣ್ಣ ಫೋನಿನಲ್ಲಿ ಹೇಳಿದ. ಅವಳು ನನಗೆ ಫೋನ್ ಮಾಡುವುದಿಲ್ಲ. ಮಾಡಬೇಕೆಂದೂ ಇಲ್ಲ.